ಫ್ಲಾರೆನ್ಸ್ ಮಿಲ್ಸ್ ಎಂಬ ನರ್ತಕಿಯ ಜೀವಿತ

ಫ್ಲಾರೆನ್ಸ್ ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ, ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ದೀಪವನ್ನು ಹಿಡಿದು ಸಂಚರಿಸಿದ ನೈಟಿಂಗೇಲ್ ಮಹಿಳೆಯ ನೆನಪಾಗುವುದು ಸಹಜವಾದುದು. ಆಕೆಯ ಚರಿತ್ರೆಯನ್ನು ನಾವೆಲ್ಲರೂ ಕೆಳಗಿನ ತರಗತಿಗಳಲ್ಲಿಯೇ ಓದಿ ಒಪ್ಪಿಸಿದವರು. ನಾನು ಈಗ ಬರೆಯಹೊರಟಿರುವುದು ಬೇರೊಬ್ಬ ಫ್ಲಾರೆನ್ಸಳ ವೃತ್ತಾಂತವನ್ನು. ಈಕೆ ದಾದಿಯೂ ಅಲ್ಲ, ಉಪಾಧ್ಯಾಯಿನಿಯೂ ಅಲ್ಲ. ಸಂಗೀತ ನಾಟಕಗಳಲ್ಲಿ ಹಾಡಿ ಕುಣಿದು ಅನ್ನವನ್ನು ಸಂಪಾದಿಸಿದವಳು. ಮಿಷನ್ ಶಾಲೆಯ ಸ್ಮರಣ ಸಂಚಿಕೆಯಲ್ಲಿ ನರ್ತಕಿಯ ಚರಿತ್ರೆಗೆ ಏನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ವಾರ್ಷಿಕೋತ್ಸವಕ್ಕೆ ಹುಡುಗಿಯರಿಗೆ ನೃತ್ಯವನ್ನು ಕಲಿಸುವ ವಿಷಯದಲ್ಲಿ ತಾಯಿತಂದೆಗಳು ನನ್ನ ಕೊಠಡಿಗೆ ಬಂದು ಆಕ್ಷೇಪಿಸಿದ್ದುಂಟು. ಅವರನ್ನು ನಾನು ದೂಷಿಸಲಾರೆ. ನಾನು ಬೆಳೆದ ಬೋರ್ಡಿಂಗಿನಲ್ಲಿಯೂ ಹಾಡಿಗೆ ಸ್ಥಳವಿತ್ತು, ಕುಣಿತಕ್ಕೆ ಇರಲಿಲ್ಲ. ಅದೇ ಸರಿಯೆಂದು ನಾನೂ ಬಹುಕಾಲ ಎಣಿಸಿದ್ದೆನು. ಫ್ಲಾರೆನ್ಸ್ ಮಿಲ್ಸಳ ಜೀವಿತವನ್ನು ಓದಿದಂದಿನಿಂದ ಆ ಮಾತು ಮೊದಲಿನಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಆಕೆ ಹುಟ್ಟಿದುದು 1896ನೆಯ ಇಸವಿಯ ಜನವರಿ 25ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ. ತಂದೆ ಜಾನ್ ವಿನ್‌ಫ್ರೀ, ತಾಯಿ ನೆಲ್ಲಿ. ಇಬ್ಬರೂ ದಾಸ್ಯದಲ್ಲಿ ಹುಟ್ಟಿದವರು. ಮನುಷ್ಯರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದ ಆ ಪದ್ಧತಿಯು 1865ರಲ್ಲಿ ರದ್ದಾಯಿತಾದರೂ, ಬಿಡುಗಡೆಯಾದವರ ಕೈಗೆ ಭೂಮಿಯಾಗಲಿ ವಿದ್ಯೆಯಾಗಲಿ ಬರಲಿಲ್ಲ. ವರ್ಜೀನಿಯ ಪ್ರಾಂತದ ಲಿಂಚ್‌ಬರ್ಗ್ ಎಂಬ ಹೊಗೆಸೊಪ್ಪಿನ ಊರಿನಲ್ಲಿ ಕೂಲಿ ದೊರೆಯದೆ ಹೋದಾಗ ಈ ದಂಪತಿಗಳು ರಾಜಧಾನಿಗೆ ವಲಸೆ ಬಂದರು. ತಂದೆಗೆ ಸಿಕ್ಕಿದ ದಿನ ಕೂಲಿ. ತಾಯಿ ಪರರ ಬಟ್ಟೆಗಳನ್ನು ಒಗೆಯುವಳು. ಇಬ್ಬರಿಗೂ ಅಕ್ಷರ ಬಾರದು. ಆಡಿನ ಓಣಿ ಎಂದು ಅರ್ಥ ಬರುವ ಹೆಸರಿನ ಒಂದು ಕೊಳಕು ಗಲ್ಲಿಯಲ್ಲಿ ಅವರ ವಾಸ. ಒಲಿವಿಯಾ ಮತ್ತು ಮಾಡ್ ಎಂಬ ಇಬ್ಬರು ಅಕ್ಕಂದಿರ ತರುವಾಯ ಹುಟ್ಟಿದ ಕಿರಿಯ ಮಗಳೇ ನಮ್ಮ ಫ್ಲಾರೆನ್ಸ್.

ಈ ಮಗು ನಡೆಯುವುದಕ್ಕೂ ಕುಣಿಯುವುದಕ್ಕೂ ಒಂದೇ ಸಮಯದಲ್ಲಿ ಕಲಿತಿತೆಂಬಂತೆ ತೋರುತ್ತದೆ. ಐದಾರು ವರ್ಷ ತುಂಬುವಷ್ಟರಲ್ಲಿ ನೆರೆಹೊರೆಯ ಪಂದ್ಯಗಳಲ್ಲಿ ಕೇಕ್‌ವಾಕ್ ಎಂಬ ನೃತ್ಯಕ್ಕೆ ಬಹುಮಾನಗಳನ್ನು ಗೆಲ್ಲತೊಡಗಿದ್ದಳು. ಈ ನೃತ್ಯದ ಹುಟ್ಟನ್ನು ಇಲ್ಲಿ ಹೇಳದಿದ್ದರೆ ಮುಂದಿನ ಕಥೆಯ ಸ್ವಾರಸ್ಯ ತಿಳಿಯದು. ದಾಸ್ಯದ ಕಾಲದಲ್ಲಿ ಬಿಳಿಯ ಧಣಿಗಳೂ ಅವರ ಪತ್ನಿಯರೂ ಎದೆಯನ್ನು ಮುಂದಕ್ಕೆ ಚಾಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಬಹು ಗಾಂಭೀರ್ಯದಿಂದ ಹೆಜ್ಜೆಯಿಡುತ್ತ ತಮ್ಮ ಕೂಟಗಳಿಗೆ ಹೋಗುತ್ತಿದ್ದರು. ಅವರ ಆಳುಗಳು ಅದನ್ನು ಕಂಡು ಬಿಡುವಿನ ವೇಳೆಯಲ್ಲಿ ಅಣಕಿಸಿ ನಡೆಯುವರು. ಧಣಿಗಳಿಗೆ ಅದು ತಮ್ಮದೇ ಅಣಕವೆಂಬುದು ತಿಳಿಯಲಿಲ್ಲ. ಚೆನ್ನಾಗಿ ನಡೆದ ಜೋಡಿಗೆ ಅವರೇ ಕೇಕನ್ನು ಬಹುಮಾನವಾಗಿ ಕೊಡುತ್ತಿದ್ದರೆಂದೂ, ಅದರಿಂದಲೇ ಆ ಹೆಸರು ಬಂದಿತೆಂದೂ ಹೇಳುವರು. ಬಾಯಿ ಬಿಡಲಾಗದ ಜನರು ಕಾಲಿನಿಂದ ಮಾತನಾಡಿದ ರೀತಿಯಿದು.

1903ನೆಯ ಇಸವಿಯಲ್ಲಿ ಕಪ್ಪು ಜನಾಂಗದ ಕಲಾವಿದರಾದ ವಿಲಿಯಮ್ಸ್ ಮತ್ತು ವಾಕರ್ ಎಂಬವರ ನಾಟಕ ಮಂಡಳಿಯು ವಾಷಿಂಗ್ಟನ್ನಿಗೆ ಬಂದಾಗ, ಏಳು ವರ್ಷದ ಫ್ಲಾರೆನ್ಸಳು ಅವರ ರಂಗದ ಮೇಲೆ ನಿಂತು ಹಾಡಿ ಕುಣಿದು ಪ್ರೇಕ್ಷಕರನ್ನು ಬೆರಗುಗೊಳಿಸಿದಳು. ಪ್ರಚಾರದ ಹಲಗೆಗಳಲ್ಲಿ ಆಕೆಯ ಹೆಸರು ಬೇಬಿ ಫ್ಲಾರೆನ್ಸ್ ಎಂದು. ಆ ಹಾಡನ್ನು ಮಗುವಿಗೆ ಹೇಳಿಕೊಟ್ಟವಳು ಅದೇ ಮಂಡಳಿಯ ಪ್ರಸಿದ್ಧ ನರ್ತಕಿ ಐಡಾ ಓವರ್ಟನ್ ವಾಕರ್. ಈ ಐಡಾಳ ಕುರಿತು ನಾಲ್ಕು ಮಾತು ಹೆಚ್ಚಾಗಿ ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಅದೇ ವರ್ಷ ಲಂಡನ್ನಿನಲ್ಲಿ ಇಂಗ್ಲೆಂಡಿನ ಅರಮನೆಯವರ ಮುಂದೆ ಕೇಕ್‌ವಾಕನ್ನು ಕುಣಿದು ಬಂದವಳಾಕೆ. ರಂಗಭೂಮಿಯ ವೃತ್ತಿಯನ್ನು ಮಾನದಿಂದ ನಡೆಸಿದರೆ ತನ್ನ ಜನರ ಉನ್ನತಿಗೆ ಅದೂ ಒಂದು ಮಾರ್ಗವಾಗುವುದೆಂದು ಪತ್ರಿಕೆಯಲ್ಲಿ ಬರೆದಿದ್ದಳು. 1914ರಲ್ಲಿ, ಇನ್ನೂ 34 ವರ್ಷದವಳಾಗಿದ್ದಾಗ, ಆಕೆ ತೀರಿಕೊಂಡಳು. ತನಗಾಗಿ ಬಿಡುವು ಮಾಡಿಕೊಂಡು ಪರರ ಮಗುವಿಗೆ ಹೆಜ್ಜೆ ತಿದ್ದಿದ ಈ ಹಿರಿಯಳನ್ನು ಫ್ಲಾರೆನ್ಸಳು ಎಂದೂ ಮರೆಯಲಿಲ್ಲ. ಉಪಾಧ್ಯಾಯಿನಿಯಾದ ನನಗೆ ಈ ಭಾಗವು ಬಹಳ ಪ್ರಿಯವಾದುದು.

ಇದಾದ ಮೇಲೆ ಬಂದ ಪ್ರಸಂಗವು ಅಷ್ಟು ಪ್ರಿಯವಾದುದಲ್ಲ. ಆ ಕಾಲದ ಬಿಳಿಯ ಗಾಯಕಿಯರು ತಮ್ಮ ಹಾಡಿನ ಹಿಂದೆ ಕುಣಿಯಲು ಕಪ್ಪು ಜನರ ಚಿಕ್ಕ ಮಕ್ಕಳನ್ನು ಸಂಬಳಕ್ಕಿಟ್ಟುಕೊಳ್ಳುವ ವಾಡಿಕೆಯಿತ್ತು. ಹಾಡುವವಳು ಎಷ್ಟೇ ಸಾಧಾರಣಳಾಗಿರಲಿ, ಕೊನೆಯಲ್ಲಿ ಮಕ್ಕಳು ಬಂದು ಕುಣಿದರೆ ಚಪ್ಪಾಳೆಗೆ ಕೊರತೆಯಿರುತ್ತಿರಲಿಲ್ಲ. ಅಂತಹ ಒಂದು ತಂಡದಲ್ಲಿ ಫ್ಲಾರೆನ್ಸಳನ್ನು ಸೇರಿಸಿದರು. ಬಟ್ಟೆ ಒಗೆಯುವ ತಾಯಿಯ ಮನೆಗೆ ಆ ಮಗುವಿನ ಸಂಬಳ ಬೇಕಾಗಿತ್ತು. ಊರಿಂದೂರಿಗೆ ಸುತ್ತುತ್ತಿದ್ದಾಗ, ಮಕ್ಕಳ ಮೇಲಣ ಕ್ರೌರ್ಯವನ್ನು ತಡೆಯುವುದಕ್ಕಾಗಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾಗಿದ್ದ ಸಂಘದವರು, ವಯಸ್ಸು ಸಾಲದ ಮಗುವನ್ನು ರಂಗದ ಮೇಲೆ ದುಡಿಸುತ್ತಿದ್ದಾರೆಂದು ಆಕೆಯನ್ನು ಹಿಡಿದು ಒಂದು ಅನಾಥಾಲಯದಂತಹ ಸ್ಥಳದಲ್ಲಿ ಇರಿಸಿದರು. ಆಕೆಯ ಚರಿತ್ರೆಯನ್ನು ಬರೆದವರು ಇದನ್ನು ಒಂದು ಅನ್ಯಾಯವೆಂಬಂತೆ ವರ್ಣಿಸುವುದುಂಟು. ನಾನು ಅಷ್ಟು ಬೇಗನೆ ಒಪ್ಪಲಾರೆ. ಒಂಬತ್ತು ಹತ್ತು ವರ್ಷದ ಹುಡುಗಿ ರಾತ್ರಿಯ ಹನ್ನೊಂದು ಗಂಟೆಗೆ ಪಾಠದ ಪುಸ್ತಕವನ್ನು ಕಾಣದೆ ಕುಣಿಯುತ್ತಿರುವುದನ್ನು ತಡೆದವರು ತಪ್ಪು ಮಾಡಲಿಲ್ಲ. ಆದರೆ ಮಗುವನ್ನು ಹಿಡಿದವರು ತಾಯಿಯ ಬಟ್ಟೆಯ ಗಂಟನ್ನು ಹಗುರ ಮಾಡಲಿಲ್ಲವೆಂಬುದೂ ನಿಜ. ಫೀಜು ಕಟ್ಟಲಾಗದೆ ಶಾಲೆ ಬಿಡಿಸಿದ ಮಕ್ಕಳ ಮನೆಗಳಿಗೆ ಹೋಗಿ ಬಂದವರಿಗೆ ಈ ಎರಡು ಸತ್ಯಗಳ ನಡುವೆ ನಿಲ್ಲುವುದು ಎಷ್ಟು ಕಷ್ಟವೆಂದು ಗೊತ್ತು.

ವಯಸ್ಸು ಬಂದ ಮೇಲೆ ಆಕೆ ತನ್ನ ಅಕ್ಕಂದಿರೊಡನೆ ಸೇರಿಕೊಂಡು ಮಿಲ್ಸ್ ಸಹೋದರಿಯರು ಎಂಬ ಹೆಸರಿನಿಂದ ಚಿಕ್ಕ ಪುಟ್ಟ ರಂಗಮಂದಿರಗಳಲ್ಲಿ ಹಾಡಿದಳು. ವಿನ್‌ಫ್ರೀ ಎಂಬ ಮನೆತನದ ಹೆಸರು ಅಲ್ಲಿಗೆ ಹಿಂದುಳಿಯಿತು. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಭಾಗದಲ್ಲಿ ಕುಟುಂಬವು ನೆಲೆಸಿತು. 1916ರ ಸುಮಾರಿಗೆ ಷಿಕಾಗೋ ನಗರದ ಪನಾಮ ಎಂಬ ಕೆಫೆಯಲ್ಲಿ ಏಡಾ ಸ್ಮಿತ್ ಹಾಗೂ ಕೋರಾ ಗ್ರೀನ್ ಎಂಬವರೊಡನೆ ಒಂದು ತ್ರಯವನ್ನು ಕಟ್ಟಿದಳು. ಅದು ಸಭ್ಯರು ಹೋಗುವ ಸ್ಥಳವಾಗಿರಲಿಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮದ್ಯವೂ ಜೂಜೂ ಅದಕ್ಕಿಂತ ಕೀಳಾದುವೂ ಅಲ್ಲಿದ್ದುವು. ಸುಧಾರಕರು ಕಡೆಗೆ ಅದನ್ನು ಮುಚ್ಚಿಸಿದರು. ಕಪ್ಪು ಜನರ ಹೆಣ್ಣುಮಕ್ಕಳಿಗೆ ತೆರೆದಿದ್ದ ರಂಗಸ್ಥಳಗಳು ಆಗ ಅಂತಹವೇ. ಆದರೆ ಫ್ಲಾರೆನ್ಸಳ ಜೊತೆಯವರು, ಆಕೆಯು ಕೆಲಸ ಮುಗಿದೊಡನೆ ಮನೆಗೆ ಹೋಗುತ್ತಿದ್ದಳೆಂದೂ, ಆಕೆಯ ಬಾಯಿಯಿಂದ ಅವಾಚ್ಯ ಶಬ್ದ ಹೊರಡುತ್ತಿರಲಿಲ್ಲವೆಂದೂ ನೆನೆಯುತ್ತಿದ್ದರು. ಕೆಸರಿನ ಕಮಲವೆಂಬ ಹಳೆಯ ಹೋಲಿಕೆಯನ್ನು ನಾನಿಲ್ಲಿ ತರುವುದಿಲ್ಲ. ಕಮಲಕ್ಕೆ ಬೆಳಗಾದರೆ ಬಾಡಿಗೆ ಕೊಡಬೇಕಾದ ಚಿಂತೆಯಿಲ್ಲ.

ಅಲ್ಲಿಂದ ಟೆನೆಸ್ಸೀ ಟೆನ್ ಎಂಬ ಸಂಚಾರಿ ತಂಡವನ್ನು ಸೇರಿ ದೇಶವೆಲ್ಲ ತಿರುಗಿದಳು. ಕಪ್ಪು ಕಲಾವಿದರಿಗೆ ಅನೇಕ ಊರುಗಳಲ್ಲಿ ಹೋಟೆಲಿನ ಬಾಗಿಲು ತೆರೆಯುತ್ತಿರಲಿಲ್ಲ. ರೈಲಿನಲ್ಲಿ ಬೇರೆ ಬಂಡಿ. ಚಪ್ಪಾಳೆ ತಟ್ಟಿದ ಊರೇ ರಾತ್ರಿ ಊಟಕ್ಕೆ ಎಡೆ ಕೊಡದು. ಈ ತಂಡದಲ್ಲಿಯೇ ಯುಲಿಸಿಸ್ ಥಾಂಪ್ಸನ್ ಎಂಬ ನರ್ತಕನ ಪರಿಚಯವಾಯಿತು. ದೇಹವನ್ನು ಗಾಳಿಯಲ್ಲಿ ತೂಗಿಬಿಟ್ಟಂತೆ ಬಹು ಮೆಲ್ಲನೆ ಕುಣಿಯುವುದರಲ್ಲಿ ಅವನು ಪ್ರವೀಣನು. ಇಬ್ಬರೂ ವಿವಾಹವಾದರು. ಹೆಂಡತಿಯ ಕೀರ್ತಿಯು ತನ್ನದನ್ನು ಮೀರಿ ಹೋದಾಗ ಮುಖ ಸಿಂಡರಿಸದೆ ಆಕೆಯ ಕೆಲಸಕ್ಕೆ ಬೆನ್ನಾಗಿ ನಿಂತ ಈ ಗಂಡನನ್ನು ಸ್ತ್ರೀ ವಾಚಕರು ಗಮನಿಸುವರೆಂದು ನಂಬುತ್ತೇನೆ.

ಹದಿನೆಂಟು ವರ್ಷಗಳ ಇಂತಹ ದುಡಿಮೆಯ ತರುವಾಯ ಆಕೆಗೆ ಅವಕಾಶವು ಬಂದಿತು. 1921ರ ಮೇ 23ರಂದು ನ್ಯೂಯಾರ್ಕಿನ 63ನೆಯ ಬೀದಿಯ ರಂಗಮಂದಿರದಲ್ಲಿ ಷಫಲ್ ಅಲಾಂಗ್ ಎಂಬ ಸಂಗೀತ ನಾಟಕವು ಆರಂಭವಾಯಿತು. ಬರೆದವರು, ರಾಗ ಹಾಕಿದವರು, ಆಡಿದವರು ಎಲ್ಲರೂ ಕಪ್ಪು ಜನಾಂಗದವರೇ. ಸಂಗೀತವು ಯೂಬಿ ಬ್ಲೇಕನದು, ಹಾಡುಗಳು ನೋಬಲ್ ಸಿಸ್ಲನವು. ಅದುವರೆಗೆ ಕಪ್ಪು ಜನರು ರಂಗದ ಮೇಲೆ ವಿದೂಷಕರಾಗಿ ಹಲ್ಲು ಕಿರಿಯಬಹುದಾಗಿತ್ತು. ಒಬ್ಬ ಯುವಕನೂ ಒಬ್ಬ ಯುವತಿಯೂ ಪರಸ್ಪರ ಪ್ರೀತಿಯನ್ನು ಗಂಭೀರವಾಗಿ ಹಾಡಿ ತೋರಿಸಿದರೆ ಬಿಳಿಯ ಪ್ರೇಕ್ಷಕರು ಸಹಿಸುವುದಿಲ್ಲವೆಂಬ ಭಯವಿತ್ತು. ಮೊದಲ ರಾತ್ರಿ ಆ ಪ್ರೇಮಗೀತೆಯು ಬಂದಾಗ, ಕರ್ತೃಗಳಲ್ಲಿ ಮೂವರು ಓಡಿಹೋಗುವುದಕ್ಕೆ ಅನುಕೂಲವಾಗುವಂತೆ ಹಿಂಬಾಗಿಲಿನ ಬಳಿ ನಿಂತಿದ್ದರೆಂದೂ, ಪಿಯಾನೋ ನುಡಿಸುತ್ತಿದ್ದ ಬ್ಲೇಕನು ಮಾತ್ರ ಏಳಲಾಗದೆ ಸಿಕ್ಕಿಬಿದ್ದಿದ್ದನೆಂದೂ ಅವರೇ ಮುಂದೆ ನಗುತ್ತ ಹೇಳುತ್ತಿದ್ದರು. ಪ್ರೇಕ್ಷಕರು ಕಲ್ಲೆಸೆಯಲಿಲ್ಲ, ಮತ್ತೊಮ್ಮೆ ಹಾಡಬೇಕೆಂದು ಕೂಗಿದರು. ನಾಟಕವು 504 ಸಾರಿ ನಡೆಯಿತು. ಕಪ್ಪು ಜನರನ್ನು ಮೇಲಟ್ಟದಲ್ಲಿ ಮಾತ್ರ ಕೂರಿಸುವ ನಿಯಮವೂ ಅಲ್ಲಿ ಸ್ವಲ್ಪ ಸಡಿಲವಾಗಿ, ಕೆಳಗಿನ ಆಸನಗಳಲ್ಲಿಯೂ ಅವರಿಗೆ ಸ್ಥಳ ದೊರೆಯಿತು.

ನಾಟಕವು ಆರಂಭವಾಗಿ ಕೆಲವು ವಾರಗಳಾದ ಮೇಲೆ ಮುಖ್ಯ ಗಾಯಕಿಯಾದ ಗರ್ಟ್ರೂಡ್ ಸಾಂಡರ್ಸಳು ಹೆಚ್ಚಿನ ಸಂಬಳಕ್ಕಾಗಿ ಬೇರೆಡೆಗೆ ಹೋದಳು. ಆ ಸ್ಥಾನಕ್ಕೆ ಫ್ಲಾರೆನ್ಸಳನ್ನು ತೆಗೆದುಕೊಂಡರು. ಸಣಕಲು ಕಾಲುಗಳು, ಹಕ್ಕಿಯದಂತಹ ಎಳೆಯ ಕಂಠ. ಇಂತಹ ಹುಡುಗಿಯು ದೊಡ್ಡ ಪಾತ್ರವನ್ನು ತುಂಬಿಯಾಳೇ ಎಂದು ಮೊದಲು ಅನುಮಾನಿಸಿದವರುಂಟು. ಆದರೆ ಆಕೆ ರಂಗದ ಮೇಲೆ ಬಂದಾಗ ಕಣ್ಣುಗಳೆಲ್ಲ ಆಕೆಯ ಕಡೆಗೇ ತಿರುಗಿದುವು. ಕವಿ ಲ್ಯಾಂಗ್‌ಸ್ಟನ್ ಹ್ಯೂಸನು ಆಗ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಲು ನ್ಯೂಯಾರ್ಕಿಗೆ ಬಂದವನು. ಈ ನಾಟಕವನ್ನು ನೋಡಬೇಕೆಂಬ ಆಸೆಯೂ ತನ್ನನ್ನು ಅಲ್ಲಿಗೆ ಎಳೆಯಿತೆಂದು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆಕೆಯ ನೃತ್ಯವು ಒಂದು ಕಟ್ಟಿಗೆ ಸಿಕ್ಕುವುದಾಗಿರಲಿಲ್ಲವೆಂದು ಕಂಡವರು ಬರೆಯುತ್ತಾರೆ. ಬಾಲ್ಯದ ಕೇಕ್‌ವಾಕು, ನೆಲವನ್ನು ತಾಳದಂತೆ ಬಾರಿಸುವ ಹೆಜ್ಜೆ, ನಡುವೆ ತಟ್ಟನೆ ವಿದೂಷಕನ ಒಂದು ಚೇಷ್ಟೆ, ಮರುಕ್ಷಣದಲ್ಲಿ ಕಣ್ಣೀರು ತರಿಸುವ ಒಂದು ನಿಲುವು. ಪ್ರತಿ ರಾತ್ರಿಯೂ ಏನನ್ನಾದರೂ ಹೊಸದಾಗಿ ಮಾಡುವಳು.

ಇಲ್ಲಿಂದ ಮುಂದೆ ಏಣಿಯ ಮೆಟ್ಟಿಲುಗಳನ್ನು ಬೇಗ ಬೇಗನೆ ಏರಿದಳು. ಲೂ ಲೆಸ್ಲಿ ಎಂಬ ಬಿಳಿಯ ನಿರ್ಮಾಪಕನು 1922ರಲ್ಲಿ ಆಕೆಯನ್ನು ಮುಖ್ಯಳನ್ನಾಗಿ ಮಾಡಿ ಪ್ಲಾಂಟೇಷನ್ ರೆವ್ಯೂ ಎಂಬುದನ್ನು ಬ್ರಾಡ್‌ವೇಗೆ ತಂದನು. ಕಥೆಯ ಸರಪಣಿಯಿಲ್ಲದೆ ಹಾಡು, ಕುಣಿತ, ಹಾಸ್ಯಗಳನ್ನು ಪೋಣಿಸಿದ ಆಟಕ್ಕೆ ರೆವ್ಯೂ ಎಂದು ಹೆಸರು. ಮರುವರ್ಷ ಚಾರ್ಲ್ಸ್ ಕಾಕ್ರನ್ ಎಂಬ ಇಂಗ್ಲಿಷ್ ನಿರ್ಮಾಪಕನು ಈ ತಂಡವನ್ನು ಲಂಡನ್ನಿನ ಪೆವಿಲಿಯನ್ ರಂಗಮಂದಿರಕ್ಕೆ ಕರೆಸಿಕೊಂಡನು. ಅಮೆರಿಕದ ಕಪ್ಪು ಜನರನ್ನು ತರುವುದೇತಕ್ಕೆ, ನಮ್ಮ ನಟರೇ ಕೆಲಸವಿಲ್ಲದಿರುವರಲ್ಲಾ ಎಂದು ಅಲ್ಲಿನ ಪತ್ರಿಕೆಗಳಲ್ಲಿ ಗದ್ದಲವೆದ್ದಿತ್ತು. ಮೊದಲ ರಾತ್ರಿಗೆ ಕೂಗೆಬ್ಬಿಸಲೆಂದೇ ಬಂದವರಿದ್ದಾರೆಂಬ ಭಯವೂ ಇತ್ತು. ಆಟದ ಮೊದಲರ್ಧವು ಇಂಗ್ಲಿಷರದು, ಎರಡನೆಯದು ಫ್ಲಾರೆನ್ಸಳ ತಂಡದ್ದು. ಆಕೆ ಬಂದು ತನ್ನ ಮೊದಲ ಹಾಡನ್ನು ಸಣ್ಣ ದನಿಯಲ್ಲಿ ಮುಗಿಸಿದಾಗ ಕೂಗೆಬ್ಬಿಸಬೇಕಾದವರೂ ಚಪ್ಪಾಳೆ ತಟ್ಟುತ್ತಿದ್ದರು.

ಈಗ ನಾನು ಈ ಲೇಖನವನ್ನು ಬರೆಯಲು ಕಾರಣವಾದ ಘಟನೆಗೆ ಬರುತ್ತೇನೆ. ಆಗಿನ ಅಮೆರಿಕದಲ್ಲಿ ಝೀಗ್‌ಫೆಲ್ಡನ ಫಾಲೀಸ್ ಎಂಬ ರೆವ್ಯೂವಿಗಿಂತ ಮೇಲಾದುದು ಬೇರೊಂದಿಲ್ಲವೆಂಬ ಭಾವನೆಯಿತ್ತು. ಅದರಲ್ಲಿ ಕುಣಿದ ಹುಡುಗಿಗೆ ಆ ಮೇಲೆ ಚಿಂತೆಯಿಲ್ಲ. ಅಂತಹ ಝೀಗ್‌ಫೆಲ್ಡನೇ ಫ್ಲಾರೆನ್ಸಳಿಗೆ ತನ್ನಲ್ಲಿಗೆ ಬರುವಂತೆ ಕರೆಯನ್ನು ಕಳುಹಿಸಿದನು. ಬಟ್ಟೆ ಒಗೆಯುವವಳ ಮಗಳು, ಒಂದು ಕಾಲಕ್ಕೆ ಬಿಳಿಯ ಗಾಯಕಿಯ ಬೆನ್ನ ಹಿಂದೆ ಕುಣಿಯುತ್ತಿದ್ದ ಮಗು, ಇದಕ್ಕಿಂತ ಮೇಲೆ ಏರುವುದೆಲ್ಲಿಗೆ? ಆಕೆಯ ಸ್ಥಾನದಲ್ಲಿ ನಾನಿದ್ದರೆ ಅಂದೇ ಸಹಿ ಹಾಕುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಆಕೆ ಒಲ್ಲೆನೆಂದಳು. ಬಿಳಿಯರ ದೊಡ್ಡ ತಂಡದಲ್ಲಿ ತಾನೊಬ್ಬಳೇ ಕಪ್ಪು ತಾರೆಯಾಗಿ ಹೊಳೆದರೆ ತನ್ನ ಹಿಂದಿರುವವರಿಗೆ ಬಾಗಿಲು ತೆರೆಯುವುದಿಲ್ಲ. ತನ್ನ ಜನರೇ ತುಂಬಿದ ಒಂದು ಆಟವನ್ನು ಅಷ್ಟೇ ಎತ್ತರಕ್ಕೆ ಕೊಂಡೊಯ್ದರೆ ಹತ್ತಾರು ಮಂದಿ ಹಾಡುವವರಿಗೂ ಕುಣಿಯುವವರಿಗೂ ವಾದ್ಯಗಾರರಿಗೂ ಅನ್ನವೂ ಮಾನವೂ ದೊರೆಯುವುದು ಎಂಬುದು ಆಕೆಯ ಎಣಿಕೆ. ಅದರಂತೆ ಲೆಸ್ಲಿಯು ಕಟ್ಟಿದ ಡಿಕ್ಸಿ ಟು ಬ್ರಾಡ್‌ವೇ ಎಂಬ ರೆವ್ಯೂ 1924ರ ಅಕ್ಟೋಬರ್ 29ರಂದು ಬ್ರಾಡ್‌ಹರ್ಸ್ಟ್ ರಂಗಮಂದಿರದಲ್ಲಿ ಆರಂಭವಾಯಿತು. ಅದು ಫಾಲೀಸಿನಷ್ಟು ದೀರ್ಘಕಾಲ ನಡೆಯಲಿಲ್ಲ. ಮೂರು ತಿಂಗಳೂ ತುಂಬಲಿಲ್ಲ. ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವರು ಆಕೆಯ ಎಣಿಕೆ ತಪ್ಪೆನ್ನಬಹುದು. ಆದರೆ ಕಪ್ಪು ಮಹಿಳೆಯೊಬ್ಬಳ ಸುತ್ತ ಕಟ್ಟಿದ ಆಟವೊಂದು ಬ್ರಾಡ್‌ವೇಯ ನಡುಮಧ್ಯದಲ್ಲಿ ನಿಂತಿತು. ಸುಖವನ್ನು ಅರಸುವ ಕರಿಹಕ್ಕಿಯನ್ನು ಕುರಿತ ಹಾಡೊಂದು ಅದರಲ್ಲಿತ್ತು. ಅಂದಿನಿಂದ ಆ ಹಾಡು ಆಕೆಯ ಹೆಸರಿಗೇ ಅಂಟಿಕೊಂಡಿತು.

1925ರ ಜೂನಿನಲ್ಲಿ ನ್ಯೂಯಾರ್ಕಿನ ಪ್ಯಾಲೇಸ್ ರಂಗಮಂದಿರದ ಹಲಗೆಯಲ್ಲಿ ಎಲ್ಲರಿಗಿಂತ ಮೇಲೆ ಆಕೆಯ ಹೆಸರು ಬಂದಿತು. ಅಂತಹ ಗೌರವವು ಅಲ್ಲಿ ಕಪ್ಪು ಮಹಿಳೆಗೆ ದೊರೆತುದು ಅದೇ ಮೊದಲು. 1926ರ ಜನವರಿಯಲ್ಲಿ ಏಯೋಲಿಯನ್ ಸಭಾಂಗಣದಲ್ಲಿ, ಶಾಸ್ತ್ರೀಯ ಸಂಗೀತವನ್ನು ಕೇಳುವ ಪಂಡಿತರ ಮುಂದೆ, ವಿಲಿಯಂ ಗ್ರಾಂಟ್ ಸ್ಟಿಲ್ ಎಂಬ ತರುಣ ಕಪ್ಪು ಸಂಗೀತಕಾರನ ಹೊಸ ರಚನೆಯನ್ನು ಹಾಡಿದಳು. ಸಂಗೀತ ಶಾಲೆಯ ಮೆಟ್ಟಿಲನ್ನು ಹತ್ತದವಳು ಅಂತಹ ಕಠಿಣ ರಚನೆಯನ್ನು ಕಲಿಯಲು ಪಟ್ಟ ಶ್ರಮವನ್ನು ನಮ್ಮ ವಾದ್ಯ ತರಗತಿಯ ಹುಡುಗಿಯರು ಊಹಿಸಿಕೊಳ್ಳಬಲ್ಲರು.

ಅದೇ ವರ್ಷ ಬ್ಲ್ಯಾಕ್‌ಬರ್ಡ್ಸ್, ಎಂದರೆ ಕರಿಹಕ್ಕಿಗಳು, ಎಂಬ ರೆವ್ಯೂ ಸಿದ್ಧವಾಯಿತು. ಮೊದಲು ಹಾರ್ಲೆಮಿನ ಅಲ್ಹಾಂಬ್ರಾ ರಂಗಮಂದಿರದಲ್ಲಿ ತನ್ನ ಜನರ ಮುಂದೆ ಆಡಿ, ಪ್ಯಾರಿಸಿನಲ್ಲಿ ಕೆಲವು ತಿಂಗಳಿದ್ದು, ಸೆಪ್ಟೆಂಬರಿನಲ್ಲಿ ಲಂಡನ್ ಪೆವಿಲಿಯನ್ನಿಗೆ ಬಂದರು. ಅಲ್ಲಿ 276 ಪ್ರಯೋಗಗಳಾದುವು. ಆಗಿನ ವೇಲ್ಸ್ ರಾಜಕುಮಾರನು ಮತ್ತೆ ಮತ್ತೆ ಬಂದು ನೋಡುತ್ತಿದ್ದನು. ರಾಜಕುಮಾರನ ಭೇಟಿಗಳನ್ನು ಎಣಿಸುವುದರಲ್ಲಿ ಚರಿತ್ರೆಕಾರರಿಗೆ ತುಂಬ ಆಸಕ್ತಿ. ನನಗೆ ಬೇರೊಂದು ಸಂಗತಿಯಲ್ಲಿ ಹೆಚ್ಚು. ಆಟ ಮುಗಿದ ತರುವಾಯ ಆಕೆ ಥೇಮ್ಸ್ ನದಿಯ ದಂಡೆಯ ಮೇಲೆ ಮನೆಯಿಲ್ಲದೆ ಮಲಗಿದ್ದವರ ಬಳಿಗೆ ಹೋಗಿ, ಹೆಸರು ಹೇಳದೆ ಅವರ ಕೈಗೆ ಹಣ ಕೊಡುತ್ತಿದ್ದಳೆಂದು ಬಲ್ಲವರು ಹೇಳುತ್ತಿದ್ದರು. ರಂಗದಲ್ಲಿ ಬಂದ ಹೂಗಳನ್ನು ಆಸ್ಪತ್ರೆಗಳಿಗೆ ಕಳುಹಿಸುವಳು. ಲಂಡನ್ನಿನ ಒಂದು ಪತ್ರಿಕೆಗೆ ತನ್ನ ಜನರು ಅನುಭವಿಸುವ ವರ್ಣದ್ವೇಷವನ್ನು ಕುರಿತು ಬಿಚ್ಚುಮನಸ್ಸಿನಿಂದ ಲೇಖನವನ್ನು ಬರೆದಳು. ಜನರು ನಗಲೆಂದು ಹಣ ಕೊಟ್ಟು ಬಂದಿರುವಾಗ ಅವರಿಗೆ ನೋವಾಗುವ ಮಾತನ್ನು ಹೇಳಲು ಎದೆಗಾರಿಕೆ ಬೇಕು.

ಶರೀರವು ಇದನ್ನೆಲ್ಲ ಹೊರಲಿಲ್ಲ. ಲಂಡನ್ನಿನಲ್ಲಿಯೂ ಬಳಿಕ ಇಂಗ್ಲೆಂಡಿನ ಇತರ ಪಟ್ಟಣಗಳಲ್ಲಿಯೂ ವಿಶ್ರಾಂತಿಯಿಲ್ಲದೆ ಆಡಿದ ಫಲವಾಗಿ 1927ರ ಬೇಸಗೆಯ ಹೊತ್ತಿಗೆ ಬಹಳ ಸೊರಗಿದ್ದಳು. ಒಳಗೇ ಕ್ಷಯವು ಸೇರಿಕೊಂಡಿತ್ತು. ಜರ್ಮನಿಯಲ್ಲಿ ಕೆಲವು ದಿನ ವಿಶ್ರಾಂತಿ ಪಡೆದು ಆ ಶರತ್ಕಾಲದಲ್ಲಿ ನ್ಯೂಯಾರ್ಕಿಗೆ ಹಿಂದಿರುಗಿದಾಗ ಹಾರ್ಲೆಮಿನ ಜನರು ಸಂಭ್ರಮದಿಂದ ಬರಮಾಡಿಕೊಂಡರು. ಅಕ್ಟೋಬರ್ ಕೊನೆಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯನ್ನು ಸೇರಿದಳು. ಅದರಿಂದ ಚೇತರಿಸಿಕೊಳ್ಳಲಿಲ್ಲ. 1927ರ ನವೆಂಬರ್ 1ರಂದು ಪ್ರಾಣ ಬಿಟ್ಟಳು. ಆಗ ಆಕೆಗೆ 31 ವರ್ಷ. ವಿಶ್ರಾಂತಿಯನ್ನು ಮುಂದೂಡುತ್ತಲೇ ಹೋದುದನ್ನು ಓದುವಾಗ, ಆಕೆಯನ್ನು ಬಲವಂತವಾಗಿ ಮಂಚದ ಮೇಲೆ ಮಲಗಿಸಬಲ್ಲ ಒಬ್ಬ ಹಿರಿಯಳು ಬಳಿಯಲ್ಲಿರಬೇಕಾಗಿತ್ತೆಂದು ಅನಿಸದಿರುವುದಿಲ್ಲ. ಆದರೆ ಆಕೆ ಒಂದು ರಾತ್ರಿ ಆಡದಿದ್ದರೆ ತಂಡದವರೆಲ್ಲರ ಕೂಲಿಯೂ ಅಲುಗಾಡುತ್ತಿತ್ತು. ಝೀಗ್‌ಫೆಲ್ಡನ ಕರೆಯನ್ನು ಬಿಟ್ಟು ಆಕೆ ಆರಿಸಿಕೊಂಡ ಮಾರ್ಗದ ಬೆಲೆಯೂ ಇದರಲ್ಲಿ ಸೇರಿತ್ತು.

ನವೆಂಬರ್ 6ನೆಯ ಭಾನುವಾರ ಹಾರ್ಲೆಮಿನ 137ನೆಯ ಬೀದಿಯ ಮದರ್ ಝಯನ್ ದೇವಾಲಯದಲ್ಲಿ ಶವಸಂಸ್ಕಾರದ ಆರಾಧನೆ ನಡೆಯಿತು. ಈ ಸಭೆಯ ಮೂಲವನ್ನು ನಮ್ಮವರು ತಿಳಿಯತಕ್ಕದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಮೆಥೊಡಿಸ್ಟ್ ದೇವಾಲಯದಲ್ಲಿ ಕಪ್ಪು ಕ್ರೈಸ್ತರಿಗೆ ಬಿಳಿಯರೊಡನೆ ಸಮಸ್ಥಾನ ದೊರೆಯದಿದ್ದುದರಿಂದ, ಅವರು ಹೊರಟು ಬಂದು ತಮ್ಮದೇ ಆದ ಸಭೆಯನ್ನು ಕಟ್ಟಿಕೊಂಡರು. ನಮ್ಮ ಸಭೆಗಳ ಹಳೆಯ ಬೆಂಚುಗಳಿಗೂ ಇಂತಹ ಚರಿತ್ರೆ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಅಂದು ದೇವಾಲಯದೊಳಗೆ ಸುಮಾರು 5,000 ಮಂದಿ ಕಿಕ್ಕಿರಿದಿದ್ದರು. ಹೊರಗಣ ಬೀದಿಗಳಲ್ಲಿ ಲಕ್ಷಕ್ಕೂ ಮೀರಿ ಜನರಿದ್ದರೆಂದು ಪತ್ರಿಕೆಗಳು ಅಂದಾಜು ಮಾಡಿದುವು. ಹಾರ್ಲೆಮ್ ಅದುವರೆಗೆ ಅಂತಹ ಶವಯಾತ್ರೆಯನ್ನು ಕಂಡಿರಲಿಲ್ಲ. ರಂಗದಲ್ಲಿ ಕುಣಿದವಳನ್ನು ದೇವಾಲಯದೊಳಕ್ಕೆ ತರಬಹುದೇ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಿದಂತೆ ಕಾಣುವುದಿಲ್ಲ. ಮೆರವಣಿಗೆ ಸಾಗುತ್ತಿರುವಾಗ ವಿಮಾನವೊಂದರಿಂದ ಕರಿಹಕ್ಕಿಗಳ ಗುಂಪನ್ನು ಹಾರಿಬಿಟ್ಟರೆಂಬುದು ಅಂದಿನಿಂದ ಇಂದಿನವರೆಗೂ ಹೇಳಿಕೊಂಡು ಬಂದಿರುವ ಮಾತು. ಬ್ರಾಂಕ್ಸಿನ ವುಡ್‌ಲಾನ್ ಸಮಾಧಿಭೂಮಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು.

ಮರುವರ್ಷ ಡ್ಯೂಕ್ ಎಲಿಂಗ್ಟನ್ ಎಂಬ ಪಿಯಾನೋ ವಾದಕನು ಬ್ಲ್ಯಾಕ್ ಬ್ಯೂಟಿ ಎಂಬ ರಾಗವನ್ನು ರಚಿಸಿ ಆಕೆಯ ನೆನಪಿಗೆ ಅರ್ಪಿಸಿದನು. ಆ ರಾಗವು ಉಳಿಯಿತು. ಆಕೆಯ ಸ್ವಂತ ಕಂಠವು ಉಳಿಯಲಿಲ್ಲ. ಲಕ್ಷಾಂತರ ಜನರು ಕೇಳಿದ ಆ ಹಾಡಿನ ಒಂದು ಧ್ವನಿಮುದ್ರಿಕೆಯಾಗಲಿ, ಆ ಕುಣಿತದ ಒಂದು ಚಲನಚಿತ್ರದ ತುಂಡಾಗಲಿ ಇಂದಿಗೂ ದೊರೆತಿಲ್ಲ. ಇರುವುದು ಕೆಲವು ಛಾಯಾಚಿತ್ರಗಳು ಮಾತ್ರ. ಒಂದರಲ್ಲಿ ಅಗಲವಾದ ಕಣ್ಣುಗಳ ತೆಳ್ಳನೆಯ ಹುಡುಗಿಯೊಬ್ಬಳು, ಈಗತಾನೆ ಏನೋ ತಮಾಷೆಯನ್ನು ಕೇಳಿ ನಗುವನ್ನು ತಡೆದುಕೊಂಡವಳಂತೆ ನಮ್ಮ ಕಡೆಗೆ ನೋಡುತ್ತಿದ್ದಾಳೆ.

ಆಕೆಯ ಮರಣಕ್ಕೆ ಮುನ್ನ ಲೆಸ್ಲಿಯು ಆಕೆಗಾಗಿಯೇ ಬ್ಲ್ಯಾಕ್‌ಬರ್ಡ್ಸಿನ ಹೊಸ ಆವೃತ್ತಿಯೊಂದನ್ನು ಸಿದ್ಧಪಡಿಸುತ್ತಿದ್ದನು. 1928ರ ಮೇ ತಿಂಗಳಲ್ಲಿ ಅದು ಬ್ರಾಡ್‌ವೇಗೆ ಬಂದಾಗ ಆ ಸ್ಥಾನದಲ್ಲಿ ಹಾಡಿದವಳು ಅಡಿಲೇಡ್ ಹಾಲ್. ಏಳು ವರ್ಷಗಳ ಹಿಂದೆ ಷಫಲ್ ಅಲಾಂಗ್ ನಾಟಕದ ಹಿಂದಿನ ಸಾಲಿನಲ್ಲಿ ನಿಂತು ಕುಣಿಯುತ್ತಿದ್ದ ಹುಡುಗಿಯರಲ್ಲಿ ಆಕೆಯೂ ಒಬ್ಬಳು.